ಮುದಗಲ್ಲಿನ ಹುಡುಗಿಗೂ ಒಂದು ಮನೆಯಿರಲಿ

ರಾಯಚೂರು

ಪ್ರೀತಿಯ ತಮ್ಮನಿಗೆ,

ನಿನ್ನ ಚಿತ್ರಕಥೆಯನ್ನು ಓದಿ ಮುಗಿಸಿದೆ. ಲಿಂಗಸುಗೂರಿನಲ್ಲಿ ಕುಳಿತು ಬರೆದವನ ಸಿನಿಮಾವನ್ನು ಯಾರು ಮಾಡುತ್ತಾರೆ, ಬಿಟ್ಟುಬಿಡಲೇ ಎಂದು ಕೇಳಿದ್ದೀ. ಬಿಡಬೇಡ. ದೃಶ್ಯ ವಿಂಗಡಣೆ, ನಿರ್ಮಾಪಕರನ್ನು ಕಾಣುವ ಬಗೆ ಇವನ್ನೆಲ್ಲ ಬೇರೆ ಯಾರಾದರೂ ಹೇಳಿಕೊಟ್ಟಾರು. ನಾನು ಹೇಳಬೇಕಾದದ್ದು ನಿನ್ನ ನಾಯಕಿಯ ವಿಚಾರ.

1406ರಲ್ಲಿ ವಿಜಯನಗರದ ಕುದುರೆಪಡೆ ತುಂಗಭದ್ರೆಯನ್ನು ದಾಟಿ ಬಹಮನಿ ಸುಲ್ತಾನರ ಮುದಗಲ್ಲಿನತ್ತ ನುಗ್ಗಿದ ಸಂದರ್ಭವನ್ನು ನೀನು ಆರಿಸಿಕೊಂಡದ್ದು ನನಗೆ ಹಿಡಿಸಿತು. ಆದರೆ ನಿನ್ನ ಸವಾರ ಊರನ್ನು ಸೂರೆ ಮಾಡಿದ ದಿನವೇ ಅಲ್ಲಿನ ಹುಡುಗಿ ಅವನಿಗೆ ಮನಸೋಲುತ್ತಾಳೆ! ಅವನಿಗೆ ಅಜ್ಜಿ, ಸಾಲ, ಸಾವಿನ ಭಯ ಎಲ್ಲವನ್ನೂ ಕೊಟ್ಟ ನೀನು ಅವಳಿಗೆ ತಾಯಿಯನ್ನಾಗಲಿ, ನೆರೆಮನೆಯನ್ನಾಗಲಿ, ಕೊನೆಗೆ ಸಿಟ್ಟನ್ನಾಗಲಿ ಕೊಡಲಿಲ್ಲ. ಮುದಗಲ್ ನಿನ್ನ ತಾಲ್ಲೂಕಿನದೇ ಊರು. ಆದರೂ ಅದನ್ನು ಹಂಪಿಯಿಂದ ಬಂದ ಸವಾರನ ಕಣ್ಣಿನಿಂದಲೇ ನೋಡಿದೆಯಲ್ಲ!

ಆ ದಾಳಿಯ ಕಥೆಯನ್ನು ಎರಡು ಶತಮಾನಗಳ ತರುವಾಯ ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಮುದಗಲ್ಲಿನ ಅಕ್ಕಸಾಲಿಗನ ಮಗಳ ಚೆಲುವಿನ ವರ್ಣನೆಯನ್ನಷ್ಟೇ ಕೇಳಿದ ವಿಜಯನಗರದ ಅರಸ ದೇವರಾಯ ಉಡುಗೊರೆ ಕಳುಹಿಸಿದಾಗ ತಂದೆತಾಯಿ ಹಿಗ್ಗಿದರಂತೆ. ಅರಮನೆ ಹೊಕ್ಕರೆ ತನ್ನವರ ಮುಖ ಕಾಣಲಾಗದೆಂದು ಅವಳು ಒಲ್ಲೆನೆಂದಳಂತೆ. ಅವಳನ್ನು ಹಿಡಿದು ತರಲು ಅವನು ಕಳುಹಿಸಿದ ಸೈನ್ಯ ಬರುವಷ್ಟರಲ್ಲಿ ಆ ಮನೆಯವರು ಊರು ಬಿಟ್ಟಿದ್ದರು. ಬಳಿಕ ನಡೆದ ಯುದ್ಧದಲ್ಲಿ ಸೋತ ದೇವರಾಯ ಬಂಕಾಪುರವನ್ನೂ ತನ್ನ ಮಗಳನ್ನೂ ಬಹಮನಿ ಸುಲ್ತಾನ ಫಿರೋಜ್ ಷಾನಿಗೆ ಒಪ್ಪಿಸಬೇಕಾಯಿತು. ಅಕ್ಕಸಾಲಿಗನ ಮಗಳನ್ನು ಸುಲ್ತಾನನ ಮಗ ಹಸನ್ ಖಾನನಿಗೆ ಮದುವೆ ಮಾಡಿದರು. ಫೆರಿಷ್ತಾ ಸುಲ್ತಾನರ ಕಡೆಯವನು, ಅವನ ಮಾತನ್ನೆಲ್ಲ ನಂಬಬೇಕಿಲ್ಲ. ಆದರೆ ಇಷ್ಟು ದೊಡ್ಡ ಕಥೆಯಲ್ಲಿ ಜೀವಂತವಾಗಿ ಕೇಳಿಸುವುದು ಅವಳು ಒಲ್ಲೆನೆಂದ ಮಾತೊಂದೇ. ನಿನ್ನ ಹುಡುಗಿಗೆ ಅಷ್ಟು ಧೈರ್ಯವೂ ಇಲ್ಲವೇ?

ಹಿಂದೆ ನನ್ನ ಇಂಥದೇ ಕಥೆಯೊಂದನ್ನು ಕೊಂಡ ನಿರ್ಮಾಪಕರೊಬ್ಬರು ಶತ್ರುಪಾಳೆಯದ ಹುಡುಗಿಯ ತಮ್ಮ ಸಾಯುವ ದೃಶ್ಯವನ್ನು, ಜನರಿಗೆ ಬೇಸರವಾದೀತೆಂದು ಕಿತ್ತುಹಾಕಿ ಅಲ್ಲಿ ಹಾಡು ಸೇರಿಸಿದರು. ಆ ಸಾವೇ ಇಲ್ಲದ ಮೇಲೆ, ಗಾಯಗೊಂಡ ನಾಯಕನಿಗೆ ಅವಳು ನೀರು ಕೊಡುವುದರಲ್ಲಿ ಏನು ಉಳಿಯಿತು? ಆ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ಅವರು ಬಲವಂತದಿಂದ ಮಾಡಿದ್ದನ್ನು ನೀನು ನಿನ್ನ ಕೈಯಾರೆ ಮಾಡಿಕೊಂಡಿರುವುದನ್ನು ಕಂಡು ಸಂಕಟವಾಯಿತು.

ಸವಾರ ಹೊಳೆಯಲ್ಲಿ ಕುದುರೆ ಮೈ ತೊಳೆಯುವಾಗ ಜೀನಿನ ಹಗ್ಗಕ್ಕೆ ಸಿಕ್ಕಿಕೊಂಡ ಮಗುವಿನ ಕಾಲ್ಗೆಜ್ಜೆಯನ್ನು ಕಾಣುತ್ತಾನೆ, ಎಸೆಯಲಾರ, ಇಟ್ಟುಕೊಳ್ಳಲಾರ. ಆ ಒಂದು ಪುಟ ಓದಿ ನಾನು ಎದ್ದು ಓಡಾಡಿದೆ. ಅದನ್ನು ಬರೆದವನಿಗೆ ಉಳಿದದ್ದೂ ಸಾಧ್ಯ. ಆದರೆ ಆಮೇಲೆ ಆ ಗೆಜ್ಜೆಯನ್ನು ನೀನೇ ಮರೆತೆ! ಅದು ಯಾರ ಮನೆಯದೆಂದು ಹುಡುಗಿ ಗುರುತಿಸಲಿ. ಗುರುತಿಸಿದ ಮೇಲೂ ಅವಳು ಅವನ ಎದುರು ನಿಲ್ಲುವುದಾದರೆ ಏಕೆ ನಿಲ್ಲುತ್ತಾಳೆ ಎಂಬುದನ್ನು ಬರೆ, ನಿಲ್ಲದಿದ್ದರೆ ಅದನ್ನೇ ಬರೆ. ದೀಪಾವಳಿಯೊಳಗೆ ಹೊಸ ಪ್ರತಿ ನನ್ನ ಕೈಸೇರಬೇಕು.

ನಿನ್ನ ಹಿತೈಷಿ