ನಿಮ್ಮ ಫೋನ್ ಬಿಲ್‌ನಲ್ಲಿ ಮುಂದಿನ ತಿಂಗಳಿಂದ ಕಾಣುವ ಹೊಸ ಸಾಲುಗಳು

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳ ಬಿಲ್ ಸ್ವಲ್ಪ ಉದ್ದವಾಗಿ ಕಾಣುತ್ತದೆ. ಗಾಬರಿ ಬೇಡ, ಈ ಬದಲಾವಣೆಯಿಂದ ಕಟ್ಟುವ ಮೊತ್ತ ಜಾಸ್ತಿ ಆಗಿಲ್ಲ. ಇಷ್ಟು ದಿನ "ತೆರಿಗೆ ಮತ್ತು ಶುಲ್ಕ" ಅಂತ ಒಂದೇ ಸಾಲಿನಲ್ಲಿ ಬರುತ್ತಿದ್ದುದನ್ನು ಇನ್ನು ಬಿಡಿಬಿಡಿಯಾಗಿ ತೋರಿಸುತ್ತೇವೆ. ಯಾವುದು ಸಿಟಿಗೆ, ಯಾವುದು ಕ್ಯಾಲಿಫೋರ್ನಿಯಾ ರಾಜ್ಯಕ್ಕೆ, ಯಾವುದು ಫೆಡರಲ್ ನಿಧಿಗೆ ಅನ್ನುವುದು ನಿಮಗೇ ಕಾಣುತ್ತದೆ. ಜೊತೆಗೆ "ರೆಗ್ಯುಲೇಟರಿ ಫೀ" ಅನ್ನುವ ಸಾಲನ್ನು ತೆಗೆದು, ಆ ದುಡ್ಡನ್ನು ತಿಂಗಳ ಬಾಡಿಗೆಯೊಳಗೇ ಸೇರಿಸಿದ್ದೇವೆ. ಅದು ಸರ್ಕಾರಕ್ಕೆ ಹೋಗುವ ದುಡ್ಡಲ್ಲ, ನಮ್ಮ ಕಾಗದಪತ್ರದ ಖರ್ಚು. ತೆರಿಗೆಗಳ ಪಕ್ಕದಲ್ಲಿ ಕೂತರೆ ಅದೂ ತೆರಿಗೆಯ ಹಾಗೇ ಕಾಣುತ್ತದೆ.

ಇದಕ್ಕೆಲ್ಲ ಕಾರಣ ನೀವು ಪದೇ ಪದೇ ಕೇಳಿದ ಒಂದು ಪ್ರಶ್ನೆ. "ರಸ್ತೆಯಲ್ಲಿ ಯಾರೋ ಹಳೇ ಸೋಫಾ ಎಸೆದು ಹೋಗಿದ್ದಾರೆ, ಬೀದಿ ದೀಪ ಉರೀತಿಲ್ಲ ಅಂತ 311ಕ್ಕೆ ಫೋನ್ ಮಾಡ್ತೀವಲ್ಲ, ಅದರ ದುಡ್ಡೂ ನಮ್ಮ ಫೋನ್ ಬಿಲ್ಲಿಂದಲೇ ಹೋಗುತ್ತಾ?"

ಸ್ಯಾನ್ ಹೊಸೆಯಲ್ಲಿರುವವರಿಗೆ ಉತ್ತರ: ನೇರವಾಗಿ ಇಲ್ಲ, ಸುತ್ತುಬಳಸಿ ಹೌದು.

ನೇರವಾಗಿ ಹೋಗುವುದು ತುರ್ತು ಕರೆಯ ನಂಬರ್ ಆದ 911ರ ದುಡ್ಡು. ಕ್ಯಾಲಿಫೋರ್ನಿಯಾದಲ್ಲಿ ಇದು ಮೊದಲು ಕರೆಗಳ ಖರ್ಚಿನ ಮೇಲೆ ಶೇಕಡಾ ಲೆಕ್ಕದಲ್ಲಿತ್ತು. 2020ರ ಜನವರಿಯಿಂದ ಲೈನಿಗೆ ಇಷ್ಟು ಅಂತ ನಿಗದಿ ಮಾಡಿದರು. ಶುರುವಾಗಿದ್ದು 30 ಸೆಂಟ್‌ನಿಂದ. ದರವನ್ನು ವರ್ಷಕ್ಕೊಮ್ಮೆ ನೋಡಿ ಬದಲಾಯಿಸಬಹುದು, ಆದರೆ 80 ಸೆಂಟ್ ದಾಟುವಂತಿಲ್ಲ. 2023ರಿಂದ ಇದರ ಕೆಳಗೆ 988ರ ಸಾಲೂ ಸೇರಿತು. ಮಾನಸಿಕವಾಗಿ ಕುಸಿದವರು ಕರೆ ಮಾಡುವ ನಂಬರ್ ಅದು. ಮೊದಲ ಎರಡು ವರ್ಷ ಅದಕ್ಕೆ 8 ಸೆಂಟ್ ಇತ್ತು.

311ಕ್ಕೆ ಇಂಥ ಸಾಲು ಇಲ್ಲ. 1996ರಲ್ಲಿ ಬಾಲ್ಟಿಮೋರ್ ನಗರ ಈ ನಂಬರನ್ನು ಮೊದಲು ಶುರು ಮಾಡಿದ್ದೇ 911ರ ಮೇಲಿನ ಒತ್ತಡ ಇಳಿಸೋಕೆ. ತುರ್ತಲ್ಲದ ಕರೆಗಳೇ ಅಲ್ಲಿ ತುಂಬಿಕೊಂಡಿದ್ದವು. ಮರುವರ್ಷ ಎಫ್‌ಸಿಸಿ, ಅಂದರೆ ಫೋನ್ ವ್ಯವಸ್ಥೆ ನೋಡಿಕೊಳ್ಳುವ ಫೆಡರಲ್ ಸಂಸ್ಥೆ, ಈ ನಂಬರನ್ನು ಇಡೀ ದೇಶಕ್ಕೆ ಕಾದಿರಿಸಿತು. ನಂಬರ್ ಕೊಟ್ಟಿತು, ದುಡ್ಡು ಕೊಡಲಿಲ್ಲ. ಹಾಗಾಗಿ ಹೆಚ್ಚಿನ ಊರುಗಳಲ್ಲಿ 311 ನಡೆಯುವುದು ಸಿಟಿಯ ಸಾಮಾನ್ಯ ಬೊಕ್ಕಸದಿಂದ, ಪಾರ್ಕು ಲೈಬ್ರರಿಗಳು ನಡೆಯುವ ಹಾಗೆ.

ಸುತ್ತುಬಳಸಿ ಹೇಗೆ ಅಂತ ನೋಡೋಣ. ಸ್ಯಾನ್ ಹೊಸೆ ಸಿಟಿ ಮೊದಲು ತುರ್ತು ಕರೆ ವ್ಯವಸ್ಥೆಗೆ ಅಂತ ಲೈನಿಗೆ ತಿಂಗಳಿಗೆ 1.75 ಡಾಲರ್ ಶುಲ್ಕ ತೆಗೆದುಕೊಳ್ಳುತ್ತಿತ್ತು. ಹತ್ತಿರದ ಯೂನಿಯನ್ ಸಿಟಿಯ ಇಂಥದ್ದೇ ಶುಲ್ಕದ ಮೇಲೆ ಕೋರ್ಟಿನಲ್ಲಿ ಕೇಸು ನಡೆದಿತ್ತು. ಹೆಸರು ಶುಲ್ಕ ಅಂತಿದ್ದರೂ ಇದು ತೆರಿಗೆಯೇ, ಜನರ ಮತ ಪಡೆಯದೆ ಹಾಕುವಂತಿಲ್ಲ ಅಂತ 2008ರಲ್ಲಿ ತೀರ್ಪು ಬಂತು. ಅದೇ ನವೆಂಬರ್‌ನಲ್ಲಿ ಸ್ಯಾನ್ ಹೊಸೆ ಇದನ್ನು ಮತಕ್ಕೆ ಹಾಕಿತು. ಮೊತ್ತ 1.57 ಡಾಲರ್‌ಗೆ ಇಳಿಯಿತು. ಆದರೆ ಅದು ಈಗ ಸಾಮಾನ್ಯ ತೆರಿಗೆ, ಅಂದರೆ ಸಿಟಿ ಯಾವುದಕ್ಕೆ ಬೇಕಾದರೂ ಬಳಸಬಹುದು. ಸ್ಯಾನ್ ಫ್ರಾನ್ಸಿಸ್ಕೊ ಕೂಡ ಅದೇ ಚುನಾವಣೆಯಲ್ಲಿ ಇದೇ ದಾರಿ ಹಿಡಿಯಿತು. ನಿಮ್ಮ 1.57 ಡಾಲರ್ ಬೊಕ್ಕಸಕ್ಕೆ ಬೀಳುತ್ತದೆ, ಅದೇ ಬೊಕ್ಕಸದಿಂದ ಪೊಲೀಸರಿಗೂ ಹೋಗುತ್ತದೆ, 311ಕ್ಕೂ ಹೋಗುತ್ತದೆ. ಯಾವ ಸೆಂಟ್ ಎಲ್ಲಿಗೆ ಹೋಯಿತು ಅಂತ ನಾವಷ್ಟೇ ಅಲ್ಲ, ಯಾರೂ ಹೇಳಲಾರರು.

ಎರಡು ಲೈನ್ ಇರುವ ದಿನಸಿ ಅಂಗಡಿಯ ಬಿಲ್ಲನ್ನೇ ತೆಗೆದುಕೊಳ್ಳಿ. ಸಿಟಿಯ ಲೈನ್ ತೆರಿಗೆ 3.14 ಡಾಲರ್. ಅದರ ಕೆಳಗೆ ಸಿಟಿಯದೇ ಇನ್ನೊಂದು, ಟೆಲಿಫೋನ್ ಬಳಕೆಯ ಮೇಲೆ ಶೇ. 4.5. ಆಮೇಲೆ ರಾಜ್ಯದ 911 ಮತ್ತು 988, ಎರಡೂ ಲೈನಿಗೆ. ಬಡವರಿಗೆ, ಕಿವಿ ಕೇಳದವರಿಗೆ, ದೂರದ ಹಳ್ಳಿಗಳಿಗೆ ಫೋನ್ ಒದಗಿಸುವ ರಾಜ್ಯದ ಯೋಜನೆಗಳದ್ದು ಇನ್ನೊಂದು ಸಾಲು. ಕೊನೆಗೆ ಫೆಡರಲ್ ಯೂನಿವರ್ಸಲ್ ಸರ್ವೀಸ್, ಅಂದರೆ ದೇಶದ ಎಲ್ಲರಿಗೂ ಫೋನ್ ಸೇವೆ ಸಿಗುವಂತೆ ಮಾಡುವ ನಿಧಿ. ಇದರ ದರ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ. ಬಿಲ್ ಕೆಲವೊಮ್ಮೆ ಸುಮ್ನೆ ಮೇಲೆ ಕೆಳಗೆ ಆಗುವುದು ಹೆಚ್ಚಾಗಿ ಇದರಿಂದಲೇ. ಭಾರತದಲ್ಲಾದರೆ ಫೋನ್ ಬಿಲ್ ಮೇಲೆ ಶೇ. 18 ಜಿಎಸ್‌ಟಿ ಹಾಕಿ ಲೆಕ್ಕ ಮುಗಿಸುತ್ತಾರೆ, ಇಲ್ಲಿ ಹಾಗಲ್ಲ.

ನಮ್ಮ ಅಭಿಪ್ರಾಯ ಕೇಳಿದವರಿಗೆ: 911ರ ದುಡ್ಡು ಫೋನ್ ಬಿಲ್ಲಿಂದ ಬರುವುದು ನ್ಯಾಯ. ಕರೆ ಬರುವುದೇ ಫೋನಿಂದ. ಆದರೆ 311ಕ್ಕೂ ಲೈನ್ ಲೆಕ್ಕದಲ್ಲಿ ಸರ್‌ಚಾರ್ಜ್ ಹಾಕುವುದು ನಮಗೆ ಒಪ್ಪಿಗೆಯಿಲ್ಲ. ಈಗ ರಸ್ತೆ ಗುಂಡಿಯ ಫೋಟೊ ತೆಗೆದು ಆ್ಯಪ್‌ನಲ್ಲಿ ಹಾಕುವವರೂ ಇದ್ದಾರೆ. ರಸ್ತೆ ಗುಂಡಿಗೂ ಅಂಗಡಿಯವರ ಎರಡನೇ ಲೈನಿಗೂ ಏನು ಸಂಬಂಧ? ಬೇರೆ ಬೇರೆ ಆದಾಯದವರೆಲ್ಲ ಲೈನಿಗೆ ಒಂದೇ ಮೊತ್ತ ಕಟ್ಟುತ್ತಾರೆ ಅನ್ನುವುದೂ ಇದೆ. ಒಂದು ಹೆಸರಲ್ಲಿ ವಸೂಲಾದ ದುಡ್ಡು ಅದಕ್ಕೇ ಹೋಗುತ್ತದೆ ಅನ್ನುವ ಭರವಸೆಯೂ ಕಮ್ಮಿ. 911ರ ಶುಲ್ಕವನ್ನು ಬೇರೆ ಖರ್ಚಿಗೆ ತಿರುಗಿಸಬಾರದು ಅಂತ 2008ರಲ್ಲೇ ಫೆಡರಲ್ ಕಾನೂನು ಬಂದಿದೆ. ಆದರೂ ಹಾಗೆ ತಿರುಗಿಸಿದ ರಾಜ್ಯಗಳು ಅಂತ ನ್ಯೂಯಾರ್ಕ್, ನ್ಯೂಜೆರ್ಸಿಗಳ ಹೆಸರು ಎಫ್‌ಸಿಸಿ ವರದಿಗಳಲ್ಲಿ ಮತ್ತೆ ಮತ್ತೆ ಬಂದಿದೆ. ಇಲ್ಲಿ ಯಾವುದೇ ಸಿಟಿ ಹೊಸದಾಗಿ ಇಂಥ ತೆರಿಗೆ ಹಾಕಬೇಕಾದರೆ ಮತಪತ್ರದಲ್ಲಿ ನಿಮ್ಮನ್ನೇ ಕೇಳಬೇಕು. ಮತ ಹಾಕುವ ಹಕ್ಕಿದ್ದವರು ಆ ಪುಟ ಓದಿ.

ಈ ಪತ್ರ ಬರೆಯುವಾಗಲೇ ಇನ್ನೊಂದು ಮಾತು. ನಮ್ಮದು ಇಂಟರ್ನೆಟ್ ಫೋನ್. 911ಕ್ಕೆ ಕರೆ ಮಾಡಿದರೆ ಅವರಿಗೆ ಕಾಣುವುದು ನೀವು ನಮ್ಮಲ್ಲಿ ಬರೆಸಿದ ವಿಳಾಸ. ಮನೆ ಬದಲಿಸಿ ಫೋನ್ ಪೆಟ್ಟಿಗೆಯನ್ನೂ ಜೊತೆಗೆ ಒಯ್ದವರು ವಿಳಾಸ ಬದಲಿಸದಿದ್ದರೆ ಆಂಬುಲೆನ್ಸ್ ಹಳೇ ಮನೆಗೆ ಹೋಗಬಹುದು. ಸಿಟಿ ತೆರಿಗೆಯ ಲೆಕ್ಕವೂ ಅದೇ ವಿಳಾಸದ ಮೇಲೆ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಜೀವಕ್ಕೆ ಅಪಾಯ ಅಂದರೆ 911, ಪಕ್ಕದ ಮನೆಯ ಗಲಾಟೆಗೆ 311 ಅಂತ ಫೋನಿನ ಪಕ್ಕ ಒಂದು ಚೀಟಿ ಅಂಟಿಸಿಡಿ. 311 ಎಲ್ಲ ಊರಲ್ಲೂ ಇಲ್ಲ. ನಿಮ್ಮ ಊರಲ್ಲಿ ಇಲ್ಲದಿದ್ದರೆ ಪೊಲೀಸರ ತುರ್ತಲ್ಲದ ಹತ್ತು ಅಂಕಿಯ ನಂಬರ್ ಬರೆದಿಡಿ.

ಆಟೋಪೇ ಇರುವವರು ಏನೂ ಮಾಡಬೇಕಿಲ್ಲ. ಚೆಕ್ ಕಳಿಸುವವರು ಬಿಲ್‌ನ ಕೊನೇ ಸಾಲಿನ ಮೊತ್ತವನ್ನೇ ಬರೆಯಿರಿ. ಯಾವುದಾದರೂ ಸಾಲು ಅರ್ಥವಾಗದಿದ್ದರೆ ಬಿಲ್ ಕೈಯಲ್ಲಿ ಹಿಡಿದು ಫೋನ್ ಮಾಡಿ, ಕನ್ನಡದಲ್ಲೇ ವಿವರಿಸುತ್ತೇವೆ.

ಇಂತಿ,
ಬಿಲ್ಲಿಂಗ್ ವಿಭಾಗದ ಪರವಾಗಿ