ಅರ್ಜಿ ಸ್ವೀಕರಿಸಿದ ದಿನದಿಂದಲೇ ಲೆಕ್ಕ ಶುರುವಾಗಲಿ: ಪೌರಾಡಳಿತ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಪೌರಾಡಳಿತ ಸಚಿವರಿಗೆ ಗೌರವಪೂರ್ವಕ ವಂದನೆಗಳು.

ಮಲೆನಾಡಿನ ಸಣ್ಣ ಪಟ್ಟಣವೊಂದರಲ್ಲಿ ಹಲಸಿನ ಹಪ್ಪಳದ ಘಟಕವನ್ನು ಕಾನೂನುಬದ್ಧವಾಗಿಯೇ ಆರಂಭಿಸಬೇಕೆಂದು ಹೊರಟ ನಾಲ್ವರು ಹೆಂಗಸರು ನಾವು. ಸಣ್ಣ ಉದ್ದಿಮೆಗಳಿಗೆಂದು ಕೇಂದ್ರ ಸರ್ಕಾರ ನಡೆಸುವ ಉದ್ಯಮ್ ನೋಂದಣಿಗೆ ಆಧಾರ್ ಮತ್ತು ಪ್ಯಾನ್ ಸಂಖ್ಯೆಗಳು ಸಾಕಾದವು, ಶುಲ್ಕವೇನೂ ಇರಲಿಲ್ಲ. ಆಹಾರ ಸುರಕ್ಷತಾ ನೋಂದಣಿ ವರ್ಷಕ್ಕೆ 100 ರೂಪಾಯಿ ಶುಲ್ಕದಲ್ಲಿ ಆನ್‌ಲೈನ್‌ನಲ್ಲೇ ಮುಗಿಯಿತು. ನಾವು ಸಿಕ್ಕಿಕೊಂಡದ್ದು 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದಡಿ ಸ್ಥಳೀಯ ಸಂಸ್ಥೆ ಕೊಡಬೇಕಾದ ಉದ್ದಿಮೆ ಪರವಾನಗಿಯಲ್ಲಿ.

ಆನ್‌ಲೈನ್‌ನಲ್ಲಿ ಅರ್ಜಿ ಹಾಕುವ ಮೊದಲು ಕಾಗದಗಳನ್ನು ತೋರಿಸಬೇಕೆಂದು ಕಚೇರಿಯಲ್ಲಿ ಹೇಳಿದರು. ಮೊದಲ ಸಲ ಕಟ್ಟಡದ ತೆರಿಗೆ ರಸೀದಿ ಕೇಳಿದರು. ಅದನ್ನು ಒಯ್ದಾಗ ಮಾಲೀಕರ ಒಪ್ಪಿಗೆ ಪತ್ರ ಬೇಕೆಂದರು. ಅದನ್ನು ಛಾಪಾ ಕಾಗದದಲ್ಲಿ ಬರೆಸಿಕೊಂಡು ಹೋದಾಗ ಅಕ್ಕಪಕ್ಕದವರ ನಿರಾಕ್ಷೇಪಣೆ ಪತ್ರ ಬೇಕೆಂದರು. ಪ್ರತಿ ಸಲವೂ ಮಾತು ಬಾಯಲ್ಲೇ ಮುಗಿಯಿತು, ಫೈಲು ನಮ್ಮ ಕೈಗೇ ಮರಳಿತು.

ಸಕಾಲ ಯೋಜನೆಗೆ ಆಧಾರವಾದ 2011ರ ಸೇವಾ ಖಾತರಿ ಅಧಿನಿಯಮವು ಗೊತ್ತುಪಡಿಸಿದ ದಿನಗಳೊಳಗೆ ಸೇವೆ ಸಿಗದಿದ್ದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿವರೆಗೆ ಪರಿಹಾರ ಕೊಡಬೇಕೆನ್ನುತ್ತದೆ. ಆದರೆ ದಿನಗಳ ಲೆಕ್ಕ ಶುರುವಾಗುವುದು ಅರ್ಜಿ ದಾಖಲಾಗಿ ಸಂಖ್ಯೆ ಸಿಕ್ಕ ಮೇಲೆ. ಅರ್ಜಿಯನ್ನೇ ತೆಗೆದುಕೊಳ್ಳದೆ ವಾಪಸು ಕಳಿಸಿದರೆ, ನಾವು ಎಷ್ಟು ತಿಂಗಳು ಅಲೆದರೂ ಸರ್ಕಾರದ ಕಡತದಲ್ಲಿ ಒಂದು ದಿನದ ವಿಳಂಬವೂ ಕಾಣುವುದಿಲ್ಲ. ನಮಗೆ ಪರಿಹಾರದ ಹಣ ಬೇಕಿಲ್ಲ. ನಾವು ಬಂದಿದ್ದೆವು ಎಂಬುದಕ್ಕೆ ಒಂದು ದಾಖಲೆ ಬೇಕು.

ಬೇರೆ ವ್ಯಾಪಾರದವರಿಗೆ ಎರಡು ತಿಂಗಳ ತಡವೆಂದರೆ ಎರಡು ತಿಂಗಳ ಬಾಡಿಗೆಯ ನಷ್ಟ. ನಮಗೆ ಹಾಗಲ್ಲ. ಬಲಿತ ಕಾಯಿಯ ಸೊಳೆ ಬಿಡಿಸಿ, ಬೇಯಿಸಿ, ಬಿಸಿ ಆರುವ ಮೊದಲೇ ರುಬ್ಬಿ, ಉಂಡೆ ಕಟ್ಟಿ ಒತ್ತಿದ ಹಪ್ಪಳ ಅಂದಿನ ಬಿಸಿಲಿಗೇ ಬೀಳಬೇಕು. ಮೋಡ ಕವಿದರೆ ಸಂಜೆಗೆ ಅಂಚು ಜಿಗುಟಾಗಿ ಚಾಪೆಗೆ ಅಂಟುತ್ತದೆ, ಮರುದಿನ ಬೂಸಲು ಬರುತ್ತದೆ. ಮಾರ್ಚ್‌ನಿಂದ ಮೇ ತನಕ ಇರುವ ಬಿಸಿಲಷ್ಟೇ ನಮ್ಮ ಬಂಡವಾಳ. ಪರವಾನಗಿ ಕೈಗೆ ಬಂದದ್ದು ಜೂನ್‌ನಲ್ಲಿ, ಮಳೆ ಹಿಡಿದ ಮೇಲೆ.

ಆದ್ದರಿಂದ, ಅರ್ಜಿ ಅಪೂರ್ಣವಾಗಿದ್ದರೂ ಅದನ್ನು ಅದೇ ದಿನ ಸ್ವೀಕರಿಸಿ ಸಂಖ್ಯೆ ಕೊಡಬೇಕು, ಕೊರತೆಯಿರುವ ಕಾಗದಗಳನ್ನೆಲ್ಲ ಒಂದೇ ಬಾರಿಗೆ ಬರವಣಿಗೆಯಲ್ಲಿ ತಿಳಿಸಬೇಕು, ಆ ಪಟ್ಟಿಯಲ್ಲಿಲ್ಲದ ಕಾಗದವನ್ನು ಆಮೇಲೆ ಕೇಳಬಾರದು ಎಂದು ರಾಜ್ಯದ ಎಲ್ಲ ನಗರ ಸ್ಥಳೀಯ ಸಂಸ್ಥೆಗಳಿಗೆ ತಾವು ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇವೆ. ಇದಕ್ಕೆ ಹೊಸ ಕಾಯ್ದೆಯಾಗಲಿ, ಅನುದಾನವಾಗಲಿ ಬೇಕಿಲ್ಲ. ನಮ್ಮೂರಿನಲ್ಲಿ ಉಪ್ಪಿನಕಾಯಿ, ಬಾಳೆಕಾಯಿ ಚಿಪ್ಸ್ ಮಾಡುವ ಇನ್ನೂ ಕೆಲವರು ಅರ್ಜಿ ಹಾಕಲು ಹಿಂಜರಿಯುತ್ತಾ ಕುಳಿತಿದ್ದಾರೆ. ಬರುವ ಫೆಬ್ರುವರಿಯಲ್ಲಿ ಹಲಸಿನ ಮರಗಳು ಎಳೆಕಾಯಿ ಬಿಡುವ ಮೊದಲು ಆ ಸುತ್ತೋಲೆ ನಮ್ಮೂರ ಕಚೇರಿಯ ಗೋಡೆಯ ಮೇಲೆ ಕಾಣುವಂತಾಗಲಿ.

ಇಂತಿ ತಮ್ಮ ವಿಶ್ವಾಸಿ,
ಹಪ್ಪಳ ಘಟಕದ ನಾಲ್ವರ ಪರವಾಗಿ