ಶಾಲೆಗೆ ಮಕ್ಕಳನ್ನು ನಡೆಸಿಕೊಂಡು ಹೋಗೋಣ

ಮಾನ್ಯರೇ,

ಶಾಲೆ ಶುರುವಾಯಿತೆಂದರೆ ಉಡುಪಿಯ ಕಲ್ಸಂಕದಲ್ಲಿ ಬೆಳಗ್ಗೆ ವಾಹನಗಳು ತೆವಳುತ್ತವೆ. ಕೂಗಳತೆಯ ಶಾಲೆಗೂ ಮಕ್ಕಳನ್ನು ಕಾರಿನಲ್ಲೇ ಬಿಡುವವರಿದ್ದಾರೆ. ಕೇಳಿದರೆ ಮಳೆಯ ನೆಪ. ಕರಾವಳಿಯ ಮಕ್ಕಳಿಗೆ ಕೊಡೆ ಹಿಡಿಯಲು ಬಾರದೇ?

ಒಂದರಿಂದ ಐದನೇ ತರಗತಿವರೆಗಿನ ಮಕ್ಕಳಿಗೆ ನಡೆದು ಹೋಗಬಹುದಾದ 1 ಕಿ.ಮೀ. ಒಳಗೆ ಶಾಲೆ ಇರಬೇಕೆಂಬುದು ಶಿಕ್ಷಣ ಹಕ್ಕು ನಿಯಮಗಳ ಲೆಕ್ಕ. ದೂರದ ಶಾಲೆ ಆರಿಸಿಕೊಂಡವರ ಮಾತು ಬೇರೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಟ್ಯೂಷನ್, ಮೊಬೈಲ್‌ಗಳ ನಡುವೆ ಅಷ್ಟು ಹೊತ್ತು ಎಲ್ಲಿಂದ ಬರಬೇಕು? ಚುರುಕಾಗಿ ನಡೆದು ಹೋಗಿ ಬಂದರೆ ಅದರಲ್ಲೊಂದು ಪಾಲಾದರೂ ದಕ್ಕೀತು. (ಬ್ಯಾಗಿನ ಭಾರದ ಬಗ್ಗೆ ಬರೆಯಹೊರಟರೆ ಇನ್ನೊಂದು ಪತ್ರವೇ ಬೇಕು.)

ಅಕ್ಕಪಕ್ಕದ ನಾಲ್ಕೈದು ಮನೆಯ ಮಕ್ಕಳನ್ನು ಒಟ್ಟುಗೂಡಿಸಿ, ದಿನಕ್ಕೊಬ್ಬ ಹಿರಿಯರು ಸರದಿಯಂತೆ ಜೊತೆಗೆ ನಡೆದರೆ ಕೆಲಸಕ್ಕೆ ಹೋಗುವವರಿಗೂ ಅನುಕೂಲ. ರಾಷ್ಟ್ರೀಯ ಹೆದ್ದಾರಿ 66 ದಾಟಬೇಕಾದಲ್ಲಿ ಮಾತ್ರ ಸಣ್ಣವರ ಕೈ ಬಿಡಲೇಬಾರದು.

ಸ್ಥಳೀಯಾಡಳಿತವು ಮಳೆಗಾಲಕ್ಕೆ ಮೊದಲೇ ಶಾಲೆಗಳ ಸುತ್ತಲಿನ ಚರಂಡಿಗಳಿಗೆ ಚಪ್ಪಡಿ ಹಾಸಿ, ಫುಟ್‌ಪಾತ್ ಮೇಲೆ ನಿಲ್ಲುವ ಬೈಕುಗಳನ್ನು ತೆರವು ಮಾಡಿಸಲಿ.

– ಓರ್ವ ಪೋಷಕ, ಕುಂಜಿಬೆಟ್ಟು, ಉಡುಪಿ